ಮಂಜು ಕವಿದ ಎದೆ

ಹೋಟೆಲಿನ ನೆಲಮಾಳಿಗೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಲ್ಲದ ಕೋಣೆ, ಬಿಸಿ ಹಬೆ, ಎದುರುಬದುರು ಮೇಜುಗಳು. ಒಬ್ಬರು ಸೀನಿದರೆ ಎದುರಿನವರ ಮುಖಕ್ಕೇ ಸಿಡಿಯುವಷ್ಟು ಇಕ್ಕಟ್ಟು. ದೊಡ್ಡಕ್ಕನ ಬಾಯಿ ಜೋರು. ಮೇಲ್ವಿಚಾರಕನಿಗೆ ಅವಳೆಂದರೆ ಗಂಟಲಲ್ಲಿ ಸಿಕ್ಕಿದ ಮುಳ್ಳು.

ಅವಳು ಜ್ವರ ಬಂದು ಮಲಗಿ ವಾರವಾಗಿತ್ತು. ಮೂಗಿಗೆ ಕಡ್ಡಿ ಹಾಕಿ ಮಾಡಿದ ಸೋಂಕಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. "ರಿಪೋರ್ಟಲ್ಲಿ ಏನಿಲ್ವಲ್ಲ, ನಾಳೆಯಿಂದ ಬಾ," ಎಂದು ಮೇಲ್ವಿಚಾರಕ ಫೋನಿನಲ್ಲಿ ಹೇಳಿದ. ಮರುದಿನ ಬಟ್ಟೆ ಬದಲಿಸುವಷ್ಟರಲ್ಲೇ ಉಸಿರು ಕಟ್ಟಿ ಹಾಸಿಗೆಯ ಮೇಲೆ ಕುಸಿದಳು. "ಸಾಕು ನಿನ್ನ ಹಟ, ಏಳು," ಎಂದು ತಂಗಿ ಆಸ್ಪತ್ರೆಗೆ ಎಳೆದೊಯ್ದಳು.

ವೈದ್ಯೆ ಎದೆಯ ಸ್ಕ್ಯಾನ್ ಮಾಡಿಸಿದರು. ಯಂತ್ರದೊಳಗೆ ಮಲಗಿದಾಗ "ಉಸಿರು ಹಿಡೀರಿ" ಎಂದದ್ದೇ ತಡ, ಕೆಮ್ಮು ಒತ್ತರಿಸಿ ಬಂತು. ಎರಡನೇ ಸಲ ಹಲ್ಲುಕಚ್ಚಿ ಹಿಡಿದಳು.

ಪರದೆಯ ಮೇಲೆ ಎರಡೂ ಶ್ವಾಸಕೋಶಗಳ ಅಂಚಿನಲ್ಲಿ ಮಂಜು ಕವಿದ ಗಾಜಿನಂಥ ತೇಪೆಗಳು ಕಂಡವು.

"ವೈರಸ್ ನ್ಯುಮೋನಿಯಾ ಹೆಚ್ಚಾಗಿ ಹೀಗೇ ಕಾಣುತ್ತೆ," ಎಂದರು ವೈದ್ಯೆ. "ಚಿತ್ರ ಒಂದನ್ನೇ ನಂಬೋಕಾಗಲ್ಲ, ಇನ್ನೊಂದ್ಸಲ ಪರೀಕ್ಷೆ ಮಾಡೋಣ. ಅಲ್ಲೀವರೆಗೂ ಯಾರ ಹತ್ತಿರಾನೂ ಹೋಗ್ಬೇಡಿ, ಇಲ್ಲೇ ಇರಿ."

ಸುದ್ದಿ ತಿಳಿದ ಮೇಲ್ವಿಚಾರಕ ಮತ್ತೆ ಫೋನ್ ಮಾಡಿದ. "ಸುಮ್ನೆ ಉಳಿದವರನ್ನ ಹೆದರಿಸ್ಬೇಡ. ನಿನ್ನ ಜಾಗಕ್ಕೆ ಜನ ಕಾಯ್ತಿದ್ದಾರೆ."

"ಕರೆಸ್ಕೊಳ್ಳಿ. ಬಂದವರಿಗೂ ನಾನೇ ಹೇಳ್ತೀನಿ," ಎಂದು ದೊಡ್ಡಕ್ಕ ಫೋನ್ ಇಟ್ಟಳು.

ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ ಜೊತೆಯವರಿಗೆಲ್ಲ ಫೋನ್ ಮಾಡಿದಳು. ಎರಡು ಮಾತಾಡಿ ನಿಲ್ಲುವಳು, ಸುಧಾರಿಸಿಕೊಂಡು ಮತ್ತೆ ಆಡುವಳು. ಅವರಲ್ಲೊಬ್ಬಳು ಬಸುರಿ. ಅವಳು ಅಳತೊಡಗಿದಾಗ, "ಆಮೇಲೆ ಅಳು. ಮೊದ್ಲು ಹೋಗಿ ತೋರಿಸ್ಕೋ," ಎಂದು ಗದರಿದಳು.

ಮರುದಿನ ನೆಲಮಾಳಿಗೆಗೆ ಯಾರೂ ಇಳಿಯಲಿಲ್ಲ. ಎಲ್ಲರೂ ಆಸ್ಪತ್ರೆಯ ಮುಂದೆ ಸಾಲು ನಿಂತಿದ್ದರು. ಬಸುರಿಗೂ ಇನ್ನೊಬ್ಬಳಿಗೂ ಸೋಂಕಿತ್ತು. ಬೇಗ ಗೊತ್ತಾದದ್ದರಿಂದ ಇಬ್ಬರೂ ಚೇತರಿಸಿಕೊಂಡರು. ದೊಡ್ಡಕ್ಕನ ಎರಡನೇ ಪರೀಕ್ಷೆಯಲ್ಲಿ ಸೋಂಕು ಇದೆಯೆಂದು ಬಂತು. ಒಗೆದ ಹಾಸುಬಟ್ಟೆಗಳು ಇಸ್ತ್ರಿಯಿಲ್ಲದೆ ರಾಶಿ ಬಿದ್ದು ಹೋಟೆಲಿನವರು ಪರದಾಡಿದರು.

ಅವಳು ಕೆಲಸಕ್ಕೆ ಮರಳಿದ್ದು ತಿಂಗಳ ಮೇಲೆ. ಅವಳ ಮೇಜಿಗೆ ಬೇರೆಯವರನ್ನು ನಿಲ್ಲಿಸಿದರೆ ತಾವು ಇಸ್ತ್ರಿ ಮುಟ್ಟುವುದಿಲ್ಲ ಎಂದು ಜೊತೆಯವರು ಹೇಳಿಬಿಟ್ಟಿದ್ದರು. ಮೊದಲ ಸಂಜೆ ಮನೆಗೆ ಹೊರಟಾಗ, ಮೆಟ್ಟಿಲು ಹತ್ತುವಷ್ಟು ಉಸಿರಿಲ್ಲದೆ ಅತಿಥಿಗಳ ಲಿಫ್ಟಿನೊಳಗೆ ಹೋಗಿ ನಿಂತಳು.

"ಅದು ನಿನಗಲ್ಲ," ಎಂದ ಮೇಲ್ವಿಚಾರಕ.

"ಗೊತ್ತು," ಎಂದು ಗುಂಡಿ ಒತ್ತಿದಳು.