ಜಪಾನಿಗೆ ಅತ್ತೆ ಆರಿಸಿದ ತಿಂಗಳು

ನಾನು ಎಂದೂ ಹತ್ತದ ಕೆಲವು ರೈಲುಗಳು ಹೊರಡುವ ವೇಳೆ ನನಗೆ ಇವತ್ತಿಗೂ ಬಾಯಿಪಾಠವಾಗಿದೆ. ಅವು ಜಪಾನಿನ ರೈಲುಗಳು. ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ತಿಪಟೂರಿನ ಪಂಪ್‌ಸೆಟ್ ಅಂಗಡಿಯೊಂದರ ಹಿಂಬದಿಯ ಮೇಜಿನ ಮುಂದೆ ಕುಳಿತು, ನಾನೂ ನನ್ನ ಸೋದರತ್ತೆಯೂ ಅವನ್ನು ಒಂದೊಂದಾಗಿ ಹಾಳೆಗೆ ಇಳಿಸಿದೆವು. ಟೋಕಿಯೋದ ಹೊರಗೆ, ಕಡಲ ಬದಿಯಲ್ಲಿ ಆಗಷ್ಟೇ ಶುರುವಾಗಿದ್ದ ದೊಡ್ಡದೊಂದು ಆಟದ ಉದ್ಯಾನಕ್ಕೆ ಹೋಗಿಬರುವ ದಾರಿ ಅದು. ಹೋಗುವವರು ನಾವಲ್ಲ. ದಾರಿ ಹುಡುಕುವ ಕೆಲಸ ಮಾತ್ರ ನಮ್ಮದು.

ಅತ್ತೆ ನನ್ನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ಆ ಅಂಗಡಿಯನ್ನು ನಡೆಸಿದವರು ಅವರೇ. ಯಾವ ಬಾವಿಗೆ ಎಷ್ಟು ಶಕ್ತಿಯ ಮೋಟಾರು ಬೇಕು, ಪೈಪು ಎಷ್ಟು ಅಡಿ ಇಳಿಯಬೇಕು ಎಂಬುದನ್ನು, ಬಂದ ರೈತ ತನ್ನ ತೋಟದ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವರು ನಿರ್ಧರಿಸಿರುತ್ತಿದ್ದರು. ಆದರೆ ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಅವರ ಮೈದುನನ ಹೆಸರು. ಹೆಂಗಸಿನ ಹೆಸರಿಗೆ ಏಜೆನ್ಸಿ ಕೊಡಲು ಕಂಪನಿಯವರು ಹಿಂದೆಗೆದಿದ್ದರು, ಮನೆಯವರು ಅದನ್ನು ಸಹಜವೆಂದು ಒಪ್ಪಿಕೊಂಡಿದ್ದರು. ಮೈದುನ ಹೊನ್ನವಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದವರು. ವರ್ಷಕ್ಕೆ ಒಂದೆರಡು ಸಲ ಸಹಿ ಹಾಕಲು ಅಂಗಡಿಗೆ ಬರುತ್ತಿದ್ದರು. ಇದು ತಪ್ಪು ಎಂದು ನಾನು ಆಗ ಹೇಳಿದ್ದೆ, ಈಗಲೂ ಹೇಳುತ್ತೇನೆ. ನಾನು ಓದಿದ ಶಾಲೆಯಲ್ಲಿ, ತಪ್ಪು ಕಂಡರೆ ಎದ್ದುನಿಂತು ಅದರ ಹೆಸರು ಹಿಡಿದು ಹೇಳಬೇಕು ಎಂದು ಕಲಿಸಿದ್ದರು. ಕಾಲೇಜಿಗೆ ಬರುವ ಹೊತ್ತಿಗೆ ಅದು ನನ್ನ ಅಭ್ಯಾಸವಾಗಿತ್ತು.

ಆ ವರ್ಷ ಹೆಚ್ಚು ಪಂಪ್‌ಸೆಟ್ ಮಾರಿದ ಅಂಗಡಿಗಳಿಗೆ ಕಂಪನಿಯವರು ಬಹುಮಾನ ಕೊಟ್ಟರು. ನಮ್ಮ ಅಂಗಡಿಗೂ ಕಾಗದ ಬಂತು. ಇಬ್ಬರಿಗೆ ಜಪಾನ್ ಪ್ರವಾಸ, ಓಸಾಕಾದ ಬಳಿಯ ಅವರ ಪಂಪ್ ಕಾರ್ಖಾನೆಯಲ್ಲಿ ನಾಲ್ಕು ದಿನ, ಆಮೇಲೆ ಮೂರು ದಿನ ಬಿಡುವು. ಬಿಡುವಿನಲ್ಲಿ ಟೋಕಿಯೋ ಕಡೆಯ ಆಟದ ಉದ್ಯಾನ ನೋಡಬಯಸುವವರು ರೈಲನ್ನೂ ವಸತಿಯನ್ನೂ ತಾವೇ ಗೊತ್ತುಮಾಡಿಕೊಳ್ಳಬೇಕು ಎಂದು ಬರೆದು, ಇಂಗ್ಲಿಷಿನ ಒಂದು ರೈಲು ವೇಳಾಪಟ್ಟಿಯನ್ನೂ ವಸತಿಗೃಹಗಳ ವಿಳಾಸಗಳನ್ನೂ ಜೊತೆಗಿಟ್ಟಿದ್ದರು. ಆಹ್ವಾನ ಇದ್ದದ್ದು ‘ಮಾರಾಟಗಾರರಿಗೆ ಮತ್ತು ಅವರ ಪತ್ನಿಗೆ’. ಮಾರಾಟ ಮಾಡಿದಾಕೆಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ.

ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ ಎರಡು ಮಾತುಗಳಿದ್ದವು. ಮಾರ್ಚ್ ಅಥವಾ ಮೇ, ಎರಡರಲ್ಲೊಂದು ತಿಂಗಳನ್ನು ಆರಿಸಿ ಕೂಡಲೇ ತಿಳಿಸಬೇಕು. ಮಾರಾಟಗಾರರು ಬರಲಾಗದಿದ್ದರೆ ಫೆಬ್ರವರಿ ಮುಗಿಯುವುದರೊಳಗೆ ಸಹಿ ಹಾಕಿ, ಕುಟುಂಬದ ಬೇರೊಬ್ಬರನ್ನು ಸೂಚಿಸಬಹುದು. ಅತ್ತೆ ಅದನ್ನು ಎರಡು ಸಲ ಓದಿಸಿದರು.

“ಮತ್ತೆ ನೀವೇ ಹೋಗಬಹುದಲ್ಲ ಅತ್ತೆ!” ಅಂದೆ.

“ಬರಾಕಾಗದಿದ್ರೆ ಅಂತ ಐತಲ್ಲೇ. ನನ್ನ ಮೈದ್ನ ಆಗ್ಲೇ ಸೂಟ್‌ಕೇಸ್ ತಗಂಡವ್ನೆ,” ಎಂದರು ಅತ್ತೆ. “ಮೇ ಅಂತ ಬರಿ.”

ಬರೆದೆ. ಮೈದುನ ಅದೇ ವಾರ ಅಂಗಡಿಗೆ ಬಂದರು. ಅವರನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ಬಾಗಿಲಲ್ಲೇ ನಿಂತು, “ಅತ್ತಿಗೆ, ರೈಲು, ರೂಮು ಎಲ್ಲ ನೀವೇ ಗೊತ್ತು ಮಾಡ್ಬುಡಿ. ನಿಮ್ಮಣ್ಣನ ಮಗ್ಳು ಇಂಗ್ಲಿಷ್ ಓದವ್ಳೆ, ದಂಡ ಆಗೋದ್ಯಾಕೆ?” ಎಂದು ಹೇಳಿ ಹೋದರು.

ಅತ್ತೆಗೆ ಹೊರಗೆ ಕಾಣಿಸಿಕೊಳ್ಳದಂಥ ಒಂದು ಆಸೆಯಿತ್ತು. ಕಂಪನಿಯ ಕಾಗದದ ಜೊತೆ ಬಂದಿದ್ದ, ಉದ್ಯಾನದ ಚಿತ್ರವಿದ್ದ ಹಾಳೆಯಲ್ಲಿ, ಸಂಜೆಯ ಹೊತ್ತು ಸಾವಿರಾರು ದೀಪ ಹೊತ್ತ ಬಂಡಿಗಳು ಸಾಲಾಗಿ ಹೋಗುತ್ತಿದ್ದ ಒಂದು ಫೋಟೋ ಇತ್ತು. ಅವರು ಆ ಹಾಳೆಯನ್ನು ಬಿಲ್ ಪುಸ್ತಕದ ಕೆಳಗೆ ಇಟ್ಟುಕೊಂಡರು. ಗಿರಾಕಿ ಇಲ್ಲದಾಗ ಒಮ್ಮೆ ತೆಗೆದು ನೋಡಿ ಒಳಗಿಡುತ್ತಿದ್ದರು. “ಇಷ್ಟು ಬಂಡಿಗೂ ಮೋಟ್ರು ಎಷ್ಟು ಇಟ್ಟಿರ್ತಾರೆ ನೋಡ್ಬೇಕು ಕಣೇ,” ಎಂದು ಒಂದೇ ಒಂದು ಸಲ ಹೇಳಿದ್ದರು. ಅದನ್ನು ಕೇಳಿದ ರಾತ್ರಿ ನಾನು ಕಂಪನಿಗೆ ಮೂರು ಪುಟದ ಕಾಗದ ಬರೆದೆ. ಅಂಗಡಿ ನಡೆಸುವವರು ಯಾರು, ಬೋರ್ಡಿನಲ್ಲಿ ಇರುವವರು ಯಾರು, ಇದರಲ್ಲಿ ಕಂಪನಿಯ ಪಾಲಿನ ಅನ್ಯಾಯ ಯಾವುದು, ಮನೆಯವರದು ಯಾವುದು ಎಂದು ಒಂದೊಂದನ್ನೂ ಬಿಡಿಸಿ ಬರೆದಿದ್ದೆ. ಬೆಳಿಗ್ಗೆ ಅತ್ತೆಗೆ ಓದಿ ಹೇಳಿದೆ.

“ಒಂದಕ್ಷರ ಸುಳ್ಳಿಲ್ಲ,” ಎಂದು ಅತ್ತೆ ಅದನ್ನು ಮಡಿಸಿ ಡ್ರಾಯರಿಗೆ ಹಾಕಿ ಬೀಗ ತಿರುವಿದರು. “ಇದು ಹೋದ್ರೆ ಏಜೆನ್ಸಿನೇ ಕಿತ್ಕಂತಾರೆ. ಈಗ ಬ್ಯಾಡ. ರೈಲು ಓದು.”

ರೈಲು ಓದಿದೆವು. ಕಾರ್ಖಾನೆಯ ಊರಿಂದ ಓಸಾಕಾಕ್ಕೆ ಒಂದು ರೈಲು, ಅಲ್ಲಿಂದ ಟೋಕಿಯೋಕ್ಕೆ ಬುಲೆಟ್ ರೈಲು, ಟೋಕಿಯೋದಿಂದ ಕಡಲ ಬದಿಯ ಸಣ್ಣ ಸ್ಟೇಷನ್ನಿಗೆ ಇನ್ನೊಂದು, ಕೊನೆಗೆ ಬಸ್ಸು. ಅತ್ತೆ ರೈಲು ಬದಲಿಸುವುದನ್ನು ಕಲಿತದ್ದು ಅರಸೀಕೆರೆ ಜಂಕ್ಷನ್ನಿನಲ್ಲಿ. ತಿಪಟೂರಿನಿಂದ ಹೊರಟವರು ಅಲ್ಲಿ ಇಳಿದು ಮೈಸೂರಿಗೋ ಶಿವಮೊಗ್ಗಕ್ಕೋ ಹೋಗುವ ಗಾಡಿಗೆ ಕಾಯಬೇಕು. ಇಳಿಯುವ ಗಾಡಿ ತಡವಾಗಿ ಬರುತ್ತದೆ, ಹತ್ತುವ ಗಾಡಿ ಇನ್ನೂ ತಡವಾಗಿ ಬರುತ್ತದೆ. ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳದೆ ನಮ್ಮ ಕಡೆಯ ಯಾರೂ ಪ್ರಯಾಣದ ಲೆಕ್ಕ ಹಾಕುವುದಿಲ್ಲ. ಹಾಗೆಯೇ ಅತ್ತೆ ಜಪಾನಿನಲ್ಲೂ ಇಳಿದು ಹತ್ತುವ ಮೂರೂ ಕಡೆ ಎರಡೆರಡು ಗಂಟೆ ಬಿಟ್ಟರು. ಅದರಿಂದಾಗಿ ಉದ್ಯಾನ ತಲುಪುವುದೇ ಇಳಿಹೊತ್ತಾಗಿ, ಕತ್ತಲಿಗೆ ಮುಂಚೆ ವಸತಿ ಸೇರಬೇಕೆಂದು ವಾಪಸು ಹೊರಡುವುದು ದೀಪದ ಮೆರವಣಿಗೆಗೆ ಮೊದಲೇ ಆಗುತ್ತಿತ್ತು.

ವಸತಿಗೆ ಅತ್ತೆ ಹಾಕಿದ ಷರತ್ತುಗಳನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು. ಮಾಂಸ ಬೆರೆಯದ ಅನ್ನ ಸಿಗಬೇಕು. ಬೆಳಿಗ್ಗೆ ಬೇಗ ಬಿಸಿನೀರು ಬೇಕು. “ಹೆಂಗಸ್ರು ಸ್ನಾನಕ್ಕೆ ಬ್ಯಾರೆ ಜಾಗ ಐತಾ ಕೇಳು,” ಎಂದರು ಕೊನೆಗೆ. ಮೈದುನನ ಹೆಂಡತಿಗಾಗಿ ಎಂದುಕೊಂಡು ಅದನ್ನೂ ಬರೆದೆ. ನಮ್ಮ ರೈಲುಗಳ ಪಟ್ಟಿಯನ್ನೂ ಜೊತೆಗಿಟ್ಟು ಮೂರು ಕಡೆಗೆ ಕಾಗದ ಹಾಕಿದೆವು.

ಉತ್ತರ ಬಂದದ್ದು ಒಂದರಿಂದ. ಆ ಸಣ್ಣ ಸ್ಟೇಷನ್ನಿನ ಬಳಿ ಮನೆಯವರೇ ನಡೆಸುವ ವಸತಿ. ಅಲ್ಲಿನ ಯಜಮಾನಿ ಬರೆದಿದ್ದರು: ಸ್ನಾನದ ಮನೆ ಬೇರೆ ಇದೆ, ಅನ್ನ ಮತ್ತು ತರಕಾರಿ ಮಾಡಿಕೊಡುತ್ತೇವೆ. ಆದರೆ ನಿಮ್ಮ ಅತಿಥಿಗಳು ಮೂರು ಪ್ಲಾಟ್‌ಫಾರ್ಮುಗಳ ಮೇಲೆ ಒಟ್ಟು ಆರು ಗಂಟೆ ಏಕೆ ಕೂರುತ್ತಾರೆ ಎಂದು ತಿಳಿಯಲಿಲ್ಲ. ಇಲ್ಲಿ ರೈಲು ತಡವಾಗುವುದಿಲ್ಲ, ಪ್ರತಿ ಬದಲಾವಣೆಗೂ ಹದಿನೈದು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಅವರು ದೀಪಗಳನ್ನು ನೋಡಿಯೇ ಬರಲಿ, ಬಾಗಿಲು ತೆರೆದಿಟ್ಟಿರುತ್ತೇವೆ. ಜೊತೆಗೆ ನಮ್ಮ ಪಟ್ಟಿಯನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದರು.

ಅತ್ತೆ ಬಹಳ ಹೊತ್ತು ಆ ಕೆಂಪು ಗೆರೆಗಳನ್ನೇ ನೋಡಿದರು. “ಕಾಯೋದು ಅನ್ನೋದೇ ಇಲ್ವೇನೇ ಆ ದೇಶದಾಗೆ?” ಎಂದರು.

ಫೆಬ್ರವರಿಯ ಮೂರನೇ ವಾರ, ಮಾವನಿಗೆ ದಾರಿ ವಿವರಿಸಲು ನಾವಿಬ್ಬರೂ ಬಸ್ಸಿನಲ್ಲಿ ಹೊನ್ನವಳ್ಳಿಗೆ ಹೋದೆವು. ಮಾವನ ಹೆಂಡತಿ ಬಾಗಿಲಲ್ಲೇ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡರು. ಅಂಗಳದಾಚೆ, ತೋಟದಲ್ಲಿ ಪಾತಿ ಮಾಡುತ್ತಿದ್ದ ಇಬ್ಬರು ಆಳುಗಳು ಗೋಡೆಯ ಪಕ್ಕ ಕುಳಿತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿಯುತ್ತಿದ್ದರು. ನಮಗೆ ಲೋಟ ಬಂತು. ನನಗೂ ಚಿಪ್ಪಿನಲ್ಲೇ ಕೊಡಿ, ಇಲ್ಲವೇ ಅವರಿಗೂ ಲೋಟ ಕೊಡಿ ಎಂದೆ. ಮಾವ ನಕ್ಕು, “ಪಟ್ಟಿ ಬರ್ಕಳವ್ವ, ಸಾಯಂಕಾಲ ಎಲ್ಲಾಕೂ ಒಟ್ಗೆ ತಪ್ಪೊಪ್ಕತೀನಿ,” ಎಂದರು. ಆ ದಿನ ಲೋಟ ಬದಲಾಗಲಿಲ್ಲ. ನಾನು ಕಾಫಿ ಕುಡಿಯಲಿಲ್ಲ. ಅಷ್ಟೇ ನಡೆದದ್ದು.

ಅತ್ತೆ ಜಗಲಿಯ ಮೇಲೆ ಐದು ತೆಂಗಿನಕಾಯಿಗಳನ್ನು ಸಾಲಾಗಿಟ್ಟರು. ಮೊದಲನೆಯದು ಕಾರ್ಖಾನೆಯ ಊರು, ಎರಡನೆಯದು ಓಸಾಕಾ, ಮೂರನೆಯದು ಟೋಕಿಯೋ, ನಾಲ್ಕನೆಯದು ಸಣ್ಣ ಸ್ಟೇಷನ್ನು, ಐದನೆಯದು ಉದ್ಯಾನ. ಎರಡು ಸಲ ಹೇಳಿಕೊಟ್ಟು ಆಮೇಲೆ ಕೇಳಿದರು.

“ಎರಡನೇ ಕಾಯಿ ಹತ್ರ ಇಳ್ದು ಏನ್ಮಾಡ್ಬೇಕು?”

“ಟೀ ಕುಡೀಬೇಕು,” ಎಂದರು ಮಾವ.

“ಹದಿನೈದೇ ನಿಮಿಷ ಕಣಪ್ಪ ಇರೋದು. ಟೀ ಕುಡಿದ್ರೆ ಗಾಡಿ ಹೋಯ್ತು.”

“ಅದ್ಯಾವ ಸೀಮೆ ಗಾಡಿ, ಮನುಷ್ಯಂಗೆ ಟೀ ಕುಡಿಯಾಕೂ ಬುಡಲ್ವಾ?”

ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿ, “ಇಳ್ದೇಟ್ಗೆ ಬುಲೆಟ್ ರೈಲು ಪ್ಲಾಟ್‌ಫಾರಂ ಕೇಳ್ಬೇಕು. ಮೂರನೇ ಕಾಯಿ ಹತ್ರ ಇಳ್ದು ಇನ್ನೊಂದ್ ರೈಲು. ನಾಲ್ಕನೇದ್ರ ಹತ್ರ ಬಸ್ಸು. ಅಲ್ವಾ ಅಕ್ಕ?” ಎಂದರು. ಅಡುಗೆಮನೆಯಿಂದಲೇ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಸರಿಯಾಗೇಳಿದೆ,” ಎಂದು ಅತ್ತೆ ಮೈದುನನ ಕಡೆ ತಿರುಗಿದರು. “ಅಟ್ಟದ ಕಾಯಿ ಹೆಂಗವೆ?”

ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಸುಮಾರು ಹನ್ನೊಂದು ತಿಂಗಳು ಅದನ್ನು ಮುಟ್ಟುವುದಿಲ್ಲ. ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಇಳಿಸಿ, ಸುಲಿದು, ಚಿಪ್ಪೊಡೆದು ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ. ಏಟು ತಪ್ಪಿದರೆ ಉಂಡೆ ಒಡೆದು ಚೂರಾಗುತ್ತದೆ. ಅದಕ್ಕಾಗಿ ಆ ದಿನಗಳಲ್ಲಿ ತೋಟದ ಯಜಮಾನ ಅಂಗಳ ಬಿಟ್ಟು ಏಳುವುದಿಲ್ಲ. ಮಾವನಂತೂ ತಾನೇ ಕಿವಿಗೊಟ್ಟು ಕೇಳದ ಕಾಯಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ಎಲ್ಲಾ ವರ್ಸದಂಗೆ ಉಗಾದಿಗೆಲ್ಲ ಇಳಿಸಿರ್ತೀನಿ,” ಎಂದು ಅವರು ಏಣಿ ಹತ್ತಿದರು. ಮೇಲಿನಿಂದ ಒಂದು ಕಾಯಿ ಅಲ್ಲಾಡಿಸಿದ ಸದ್ದು ಬಂತು. ಗಡಗಡ ಅಲ್ಲ, ನೀರಿನ ಸದ್ದು. ಇನ್ನೊಂದು. ಅದರಲ್ಲೂ ನೀರು.

“ಕೀಳೋರು ಸಿಗದೆ ಈ ಸಲ ಜೂನಾಗೆ ಹಾಕಿದ್ದು ಕಣಪ್ಪ,” ಎಂದರು ಅತ್ತೆ ಕೆಳಗಿನಿಂದ. “ಅವತ್ತು ಮಳೆ. ನಿನ್ನ ಬಾವಿ ಮೋಟ್ರು ರಿಪೇರಿಗೆ ನಾನೇ ಬಂದಿದ್ದೆ.”

ಮಾವ ಇಳಿದು ಬಂದರು. ತಲೆಯ ಮೇಲೆ ಅಟ್ಟದ ಧೂಳಿತ್ತು. “ಹಂಗಾರೆ ಮೇ ತಿಂಗ್ಳಿಗೆ ಸರಿಯಾಗಿ ಬತ್ತವೆ. ಅತ್ತಿಗೆ, ಅವರ್ಗೆ ಬರ್ದು ಒಂದ್ ತಿಂಗ್ಳು ಮುಂದಕ್ಕಾಕ್ಸಿ.”

ತಿಂಗಳು ಬದಲಿಸಲಾಗದು ಎಂದು ಕಾಗದ ತೆಗೆದು ಓದಿದೆ.

“ಹೋದ್ರೆ ಹೋಯ್ತು ಬುಡು. ಕೊಬ್ಬರಿ ಬುಟ್ಟು ನಾನಂತೂ ಕದಲಕ್ಕಿಲ್ಲ.”

ಎರಡನೆಯ ನಿಬಂಧನೆಯನ್ನೂ ಓದಿದೆ. ನಿಮ್ಮ ಬದಲು ಅತ್ತೆಯನ್ನು ಸೂಚಿಸಬಹುದು ಎಂದೆ.

“ಅತ್ತಿಗೆನಾ? ಅಲ್ಲೋಗಿ ಏನ್ಮಾಡ್ತಾರೆ, ತಿರುಗೋ ಕುದ್ರೆ ಹತ್ತಾರಾ? ಗಂಡ ಇಲ್ದೋರು ಆಟ ನೋಡಾಕೋದ್ರು ಅಂದ್ರೆ ಜನ ಏನಂತಾರೆ?”

ಗಂಡ ಸತ್ತ ಹೆಂಗಸಿಗೆ ಅಂಗಡಿಯಲ್ಲಿ ದುಡಿಯಲು ಇರುವ ಒಪ್ಪಿಗೆ ನಗಲು ಏಕಿಲ್ಲ ಎಂದು ನಾನು ಕೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಹೊಸಿಲು ದಾಟಿ ಈಚೆ ಬಂದರು.

“ಹಂಗಾರೆ ನಾನೊಬ್ಳೇ ಹೋಗ್ಲಾ? ಎರಡನೇ ಟಿಕೆಟ್ಟು ನಂದೇ.”

“ಒಬ್ಳೇನಾ? ತಲೆ ಕೆಟ್ಟೈತಾ ನಿಂಗೆ?”

“ಅಕ್ಕ ಬಂದ್ರೆ ಇಬ್ರಾಯ್ತೀವಿ.”

ಮಾವ ಜಗಲಿಯ ಮೇಲಿನ ಐದು ಕಾಯಿಗಳನ್ನು ನೋಡಿದರು, ಏಣಿಯ ಕಡೆ ನೋಡಿದರು. ಆಮೇಲೆ ನನ್ನ ಪೆನ್ನು ಕೇಳಿದರು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಒಂದೊಂದೇ ಹೊಳೆಯತೊಡಗಿತು. ಆರಿಸಿದ ತಿಂಗಳು. ಹೆಂಗಸರ ಸ್ನಾನದ ಮನೆ. ಕೊನೆಯ ದಿನಾಂಕಕ್ಕೆ ಒಂದು ವಾರ ಉಳಿದಿರುವಾಗ ಹೊನ್ನವಳ್ಳಿಗೆ ಹೊರಟದ್ದು.

“ಮಾರ್ಚ್ ಅಂತ ಬರೆಸಿದ್ದರೆ ಅವರು ಹೋಗುತ್ತಿದ್ದರು ಅಲ್ಲವಾ ಅತ್ತೆ?”

“ಮಾರ್ಚ್ನಾಗೆ ನಿಂಗೆ ಪರೀಕ್ಷೆ. ಮೇನಾಗಾದ್ರೆ ರಜ, ಅಂಗ್ಡಿ ನೋಡ್ಕಂತೀಯ,” ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತ.

“ನನಗೆ ಮೊದಲೇ ಹೇಳಬಹುದಿತ್ತು.”

“ಹೇಳಿದ್ರೆ ನೀನು ಸುಮ್ನಿರ್ತಿದ್ದಾ? ಅವನ್ಗೂ ಮೂರು ಪುಟ ಬರೀತಿದ್ದೆ.”

ಬರೆಯುತ್ತಿದ್ದೆ, ನಿಜ. ಅತ್ತೆಯ ದಾರಿಯನ್ನು ನಾನು ಅಂದು ಮೆಚ್ಚಲಿಲ್ಲ, ಇಂದೂ ಪೂರ್ತಿ ಒಪ್ಪುವುದಿಲ್ಲ. ತನ್ನದೇ ದುಡಿಮೆಯ ಫಲವನ್ನು ಪಡೆಯಲು ಒಬ್ಬಾಕೆ ಮೈದುನನ ಅಟ್ಟದ ಕಾಯಿ ಒಣಗುವ ತಿಂಗಳನ್ನು ಎಣಿಸಬೇಕಾಗಿ ಬಂದದ್ದು ಅನ್ಯಾಯವೇ. ಪಾಸ್‌ಪೋರ್ಟಿನ ಅರ್ಜಿಯಲ್ಲೂ ಆಕೆಯ ಕೆಲಸಕ್ಕೆ ಅಂಗಡಿಯ ಹೆಸರು ಬರೆಯಲು ಯಾರೂ ಒಪ್ಪದೆ ‘ಗೃಹಿಣಿ’ ಎಂದೇ ಬರೆದರು. ಅದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಮೇ ತಿಂಗಳ ಎರಡನೆಯ ವಾರ ತಿಪಟೂರು ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿ ಎರಡು ಗಂಟೆ ತಡವಾಗಿತ್ತು. ಅತ್ತೆ ಗಡಿಯಾರ ನೋಡಲಿಲ್ಲ. ಈ ಕಡೆಯ ಲೆಕ್ಕದಲ್ಲಿ ಬಿಟ್ಟಿದ್ದ ಎರಡು ಗಂಟೆಯನ್ನು ಅವರು ತಿದ್ದಿರಲಿಲ್ಲ. ವಾರಗಿತ್ತಿಯರಿಬ್ಬರೂ ಸೂಟ್‌ಕೇಸಿನ ಮೇಲೆ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದರು. ಅದು ಮಾವ ತಮಗೆಂದು ಕೊಂಡಿದ್ದ ಸೂಟ್‌ಕೇಸು. ವಸತಿಯ ಯಜಮಾನಿಗೆಂದು ಒಂದು ಚೀಲ ಉಂಡೆ ಕೊಬ್ಬರಿ ಜೊತೆಗಿತ್ತು. ಮಾವ ಅದನ್ನು ಕೊಟ್ಟು, ಅಂಗಳದಲ್ಲಿ ಸುಲಿಯುವವರು ಬಂದಿದ್ದಾರೆಂದು ಮುಂಜಾನೆಯೇ ಹೊರಟುಹೋಗಿದ್ದರು. ಗಾಡಿ ಬಂದಾಗ ಅತ್ತೆ ಅಂಗಡಿಯ ಬೀಗದ ಕೈ ಗೊಂಚಲನ್ನು ನನ್ನ ಕೈಗಿಟ್ಟರು.

“ಡ್ರಾಯರ್ನಾಗೆ ನಿನ್ನ ಕಾಗದ ಐತೆ. ನಾನು ಬರೋಗಂಟ ಪೋಸ್ಟ್ ಮಾಡ್ಬ್ಯಾಡ. ಬಂದ್ಮ್ಯಾಲೆ ಇನ್ನೊಂದ್ಸಲ ಓದಾನ.”

ಮಾರನೆಯ ದಿನ ಅಂಗಡಿ ತೆಗೆದೆ. ಹುಳಿಯಾರಿನ ಕಡೆಯ ರೈತರೊಬ್ಬರು ಬಂದು ಒಳಗೆ ಇಣುಕಿದರು.

“ಅಮ್ಮಾವ್ರಿಲ್ವಾ?”

“ಜಪಾನಿಗೆ ಹೋಗಿದ್ದಾರೆ.”

ಅವರು ಒಂದು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿ ಬೋರ್ಡನ್ನು ನಿಧಾನವಾಗಿ ಓದಿದರು. “ಮತ್ತೆ ಇವ್ರು?”

“ಅವರು ಮನೆಯಲ್ಲಿ ಕೊಬ್ಬರಿ ಇಳಿಸುತ್ತಿದ್ದಾರೆ.”

“ಹಂಗಾರೆ ಅಮ್ಮಾವ್ರು ಬಂದ್ಮ್ಯಾಲೆ ಬತ್ತೀನಿ ಕಣವ್ವ,” ಎಂದು ಅವರು ಚಪ್ಪಲಿ ಮೆಟ್ಟಿದರು. “ಮೋಟ್ರು ವಿಚಾರ, ಬೋರ್ಡ್ನಾಗಿರೋರ್ನ ಕೇಳಿ ಏನ್ಮಾಡಾನ?”