ಎಲೆಕ್ಟ್ರಾನಿನ ಸೀಟಿಗೆ ಟವೆಲ್ಲು

ನಮ್ಮ ಗಿರಿಜಕ್ಕ ವಿಜ್ಞಾನಿ. ಕರೆಂಟು ತಡಿ ಇಲ್ಲದ ಹರಿಯೋ, ಕಬ್ಬಿಣ ಬೆರೆತ ಅತಿವಾಹಕಗಳನ್ನ ದೊಡ್ಡ ಮ್ಯಾಗ್ನೆಟ್ಟಿನ್ಯಾಗ ಇಟ್ಟು, ರೇಡಿಯೋ ಅಲೆ ಬಿಟ್ಟು ಒಳಗಿನ ಸುದ್ದಿ ತಿಳೀತಾಳ. ಅದನ್ನ ಕೊಪ್ಪಳದ ಕಾಲೇಜಿನ್ಯಾಗ ಕನ್ನಡದಾಗ ಹೇಳಬೇಕಿತ್ತು. ಕುಷ್ಟಗಿಯಾಗ ನಾವಿಬ್ಬರೂ ಬಸ್ ಹತ್ತಿದ್ರೂ ಅಕ್ಕನ ಚಿಂತಿ ಇಳೀಲಿಲ್ಲ.

"ಈ ಸ್ಯೂಡೋಗ್ಯಾಪ್ ಹೆಂಗ ತಿಳಿಸ್ಲೋ? ಭಾಳ ತಂಪಾದಾಗ ಎಲೆಕ್ಟ್ರಾನು ಜೋಡಿಯಾಗಿ ತಡಿ ಇಲ್ಲದ ಓಡ್ತಾವು. ಅದಕ್ಕೂ ಮೊದಲ ಅವು ಕುಂದ್ರೋ ಜಾಗ ಅರ್ಧಮರ್ಧ ಮಾಯ ಆಗಿರ್ತದ, ಅದ ಸ್ಯೂಡೋಗ್ಯಾಪ್. ಮಂದಿ ನಗ್ತಾರ."

ಅಷ್ಟರಾಗ ಒಬ್ಬ ಅಜ್ಜಿ ಬಂದು, ಮುಂದಿನ ಸೀಟಿನ ಮ್ಯಾಲ ನಾ ಸುಮ್ಮನ ಚ್ಯಾಷ್ಟಿಗೆ ಹಾಕಿದ್ದ ಟವೆಲ್ ನೋಡಿದ್ಲು.

"ಯಾರದೋ ಇದು?"

"ಬರ್ತಾರ ತಡಿ ಅಜ್ಜಿ."

"ಬಸ್ಸು ಬಿಟ್ಟಿಲ್ಲ, ಮಂದಿ ಬಂದಿಲ್ಲ, ಜಾಗ ಮಾತ್ರ ಆಗಲೇ ಮಾಯ! ಎಂಥಾ ಬಸ್ಸೋ ನಿಮ್ಮದು!"

ಅಕ್ಕ ನನ್ನ ಬೆನ್ನಿಗೆ ಗುದ್ದಿ, "ಇದ ನೋಡೋ ಸ್ಯೂಡೋಗ್ಯಾಪ್!" ಅಂತ ಚೀರಿದ್ಲು. ಟವೆಲ್ ತಗದು ಅಜ್ಜಿನ್ನ ಕೂಡಿಸಿದ್ಲು.

ಕಾಲೇಜಿನ್ಯಾಗ ಅಕ್ಕ, "ಎಲೆಕ್ಟ್ರಾನಿನ ಬಸ್ಸು ಬಿಡೋಕ್ಕಿಂತ ಮೊದಲ ಸೀಟಿಗೆ ಟವೆಲ್ ಬಿದ್ದಿರ್ತಾವು" ಅಂದ್ಲು. ಹುಡುಗರು ಬಿದ್ದು ಬಿದ್ದು ನಕ್ರು, ಆಮ್ಯಾಲೆ ಪ್ರಶ್ನಿ ಕೇಳಿ ಕೇಳಿ ಅಕ್ಕನ್ನ ಬಿಡಲೇ ಇಲ್ಲ. ಅಕ್ಕ ನನ್ನ ಕಡೆ ಕೈ ಮಾಡಿ, "ಟವೆಲ್ ಹಾಕಿದಾಂವ ಇವನ" ಅಂದಾಗ ನಾ ಕಾಲರ್ ಏರಿಸಿದೆ.

ಒಬ್ಬ ಸರು ಕೇಳಿದ್ರು: "ನೀನೂ ವಿಜ್ಞಾನ ಓದೀಯೇನಪಾ?"

"ಹೌದ್ರಿ ಸರ. ಹತ್ತನೇ ಕ್ಲಾಸಿನ ವಿಜ್ಞಾನ ಪರೀಕ್ಷಾ ಎರಡು ಸಲ ಬರದೀನಿ."