ಬ್ಯಾಟರಿ ಹೊಸದು ಎಂದಿದ್ದರೇ?

ಹೋದ ವರ್ಷ ಬೇಸಿಗೆ ರಜೆ ಮುಗಿದು ಶಾಲೆಗಳು ಶುರುವಾಗುವ ಹೊತ್ತಿನಲ್ಲಿ ನಡೆದದ್ದು ಇದು. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡದ್ದನ್ನೂ ಜನ ಎಷ್ಟು ತಪ್ಪಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಡುವುದೇ ನನ್ನ ಕೆಲಸ. ಹಾಗಾಗಿ ಮುಂದೆ ಬರೆಯುವುದರಲ್ಲಿ ನನಗೆ ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಹೇಳುತ್ತೇನೆ.

ನನ್ನ ಅಕ್ಕ ಶೈಲಾಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಕಾಲುಗಳು ಸೋತವು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಗದಗಿನಿಂದ ನನ್ನ ಜೊತೆ ಬಂದು ಕಾಕ್ಸ್ ಟೌನಿನಲ್ಲಿ ಇದ್ದಾಳೆ. ರೈಲ್ವೆ ಹಳಿಯ ಪಕ್ಕದ ಏರು ಹತ್ತಿ ಸ್ವಲ್ಪ ದೂರ ಹೋದರೆ ಸಿಗುವ ಶಾಲೆಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ಇಷ್ಟು ವರ್ಷ ಊರುಗೋಲಿನಲ್ಲೇ ಹೋಗಿ ಬರುತ್ತಿದ್ದಳು. ಭಾರ ಹೊತ್ತು ಹೊತ್ತು ಹೆಗಲು ಸವೆದು, ಡಾಕ್ಟರು ಇನ್ನು ಊರುಗೋಲು ಬೇಡವೇ ಬೇಡ ಎಂದರು. ಅಲ್ಲಿಂದ ಗಾಲಿಕುರ್ಚಿ. ಬೆಳಿಗ್ಗೆ ನಾನು ತಳ್ಳಿಕೊಂಡು ಹೋಗಿ ಬಿಡುತ್ತಿದ್ದೆ. ಸಂಜೆ ನನ್ನ ಕಾಲೇಜು ಮುಗಿಯುವವರೆಗೆ ಅವಳು ಬೀಗ ಹಾಕಿದ ಶಾಲೆಯ ಗೇಟಿನ ಹೊರಗೆ ಕಾಯುತ್ತಿದ್ದಳು.

"ನಾ ಈಗ ಪಾರ್ಸಲ್ ಆಗೀನಿ ನೋಡು. ಬೆಳಿಗ್ಗೆ ಒಯ್ದು ಇಡ್ತಿ, ಸಂಜಿಗೆ ಬಂದು ಬಿಡಿಸ್ಕೊಂಡು ಬರ್ತಿ" ಎಂದು ಅವಳು ನಗುತ್ತಿದ್ದಳು. ಒಂದು ದಿನ ನಗದೆ ಹೇಳಿದಳು: "ನನ್ನ ಹೊತ್ತಿಗೆ ನಾ ಹೋಗಬೇಕೋ ತಮ್ಮಾ. ಅಷ್ಟs ಬೇಕು ನಂಗ."

ಬ್ಯಾಟರಿಯಿಂದ ಓಡುವ ಹೊಸ ಕುರ್ಚಿ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಳೆಯ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಹುಡುಕಿದೆ. ಹೊರಮಾವಿನ ಅಪಾರ್ಟ್‌ಮೆಂಟಿನಿಂದ ಗಿರೀಶ್ ಎನ್ನುವವರು ಹಾಕಿದ್ದ ಜಾಹೀರಾತು ಕಣ್ಣಿಗೆ ಬಿತ್ತು. ತೀರಿಹೋದ ಅವರ ತಂದೆ ಬಳಸುತ್ತಿದ್ದ ಕುರ್ಚಿ. ಫೋಟೋದಲ್ಲಿ ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಬ್ಯಾಟರಿ ಹೊಸದು ಎಂದು ಅದರಲ್ಲಿ ಬರೆದಿತ್ತು. ಬರೆದಿತ್ತು ಎಂದೇ ನನ್ನ ನೆನಪು.

ಒಬ್ಬನೇ ಹೋಗಿ ನೋಡಿದೆ. ಗಿರೀಶ್ ಒಳ್ಳೆಯ ಕಂಪನಿಯಲ್ಲಿ ಕೆಲಸದಲ್ಲಿರುವ, ಮೆಲುದನಿಯ ಮನುಷ್ಯ. ಅವರ ಮಹಡಿಯ ಕಾರಿಡಾರಿನಲ್ಲಿ ನಾನೇ ಕುರ್ಚಿಯಲ್ಲಿ ಕೂತು ಆ ತುದಿಗೆ ಹೋಗಿ ಬಂದೆ. ಹಾವಿನಂತೆ ಸದ್ದಿಲ್ಲದೆ ಹರಿಯಿತು. ಕಾರಿಡಾರು ಸಮತಟ್ಟಾಗಿತ್ತು ಎಂಬುದು ಆಗ ತಲೆಗೆ ಹೋಗಲಿಲ್ಲ.

"ಬ್ಯಾಟರಿ?" ಎಂದೆ.

"ಈಗ್ ತಾನೇ ಹಾಕ್ಸಿದ್ದು ಸರ್. ಅದಾದ್ಮೇಲೆ ಅಪ್ಪ ಜಾಸ್ತಿ ದಿನ ಉಳೀಲಿಲ್ಲ" ಎಂದು ಅವರು ಗೋಡೆಯ ಕಡೆ ತಿರುಗಿದರು. ಅಲ್ಲಿ ಹಾರ ಹಾಕಿದ ಫೋಟೋ ಇತ್ತು. ಆ ಫೋಟೋದ ಮುಂದೆ ನಿಂತು ಬಿಲ್ ತೋರಿಸಿ ಎನ್ನುವುದು ನನ್ನಿಂದ ಆಗಲಿಲ್ಲ. ಟೆಂಪೋದಲ್ಲಿ ಕುರ್ಚಿ ಏರಿಸಿಕೊಂಡು ಬಂದೆ.

ಮೊದಲ ದಿನ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, "ನೀ ಹಿಂದ್ ಬರಬ್ಯಾಡ ಮತ್ತ" ಎಂದು ಹೊರಟಳು. ನಾನು ಗೇಟಿನಲ್ಲೇ ನಿಂತೆ. ಏರಿನ ಅರ್ಧದಲ್ಲಿ ಕುರ್ಚಿ ನಿಂತುಹೋಯಿತಂತೆ. ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ಶಾಲೆಯ ವ್ಯಾನು, ಎಲ್ಲರದೂ ಹಾರ್ನು. ಯಾರೋ ನಾಲ್ಕೈದು ಜನ ಇಳಿದು ಬಂದು, ಅವಳನ್ನು ಕುರ್ಚಿ ಸಮೇತ ಎತ್ತಿ ಬೇಕರಿಯ ಮುಂದೆ ಇಟ್ಟರು. ಬೇಕರಿಯವರು ಫೋನ್ ಮಾಡಿದ ಮೇಲೆ ನಾನು ಓಡಿದೆ. ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು.

"ಅಕ್ಕಿ ಮೂಟಿ ಇಳಿಸಿದಂಗ ಇಳಿಸಿದ್ರು. ಒಬ್ಬಾವ ಕೇಳ್ಲಿಲ್ಲ, ಎತ್ತಲೇನು ಅಂತ" ಎಂದಳು.

ರಿಪೇರಿಯವರು ಸೀಟಿನ ಕೆಳಗಿನ ಡಬ್ಬಿ ತೆರೆದು ಬ್ಯಾಟರಿಯ ಮೇಲೆ ಅಚ್ಚಾಗಿದ್ದ ವರ್ಷ ತೋರಿಸಿದರು. ಎಂದೋ ಆಯುಸ್ಸು ಮುಗಿದ ಮಾಲು. ಗಿರೀಶ್ ಫೋನ್ ಎತ್ತಲಿಲ್ಲ. ಆ್ಯಪಿನಲ್ಲಿ ಜಾಹೀರಾತು ಹುಡುಕಿದರೆ, ಮಾರಾಟವಾದ ಮೇಲೆ ಅದನ್ನು ತೆಗೆದುಹಾಕಿದ್ದರು. ನಾನು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿರಲಿಲ್ಲ. ಬ್ಯಾಟರಿ ಹೊಸದು ಎಂದದ್ದಕ್ಕೆ ಇದ್ದ ಒಂದೇ ಸಾಕ್ಷಿ, ನಾನು.

ಭಾನುವಾರ ಹೊರಮಾವಿಗೆ ಹೊರಟೆ. "ನಾನೂ ಬರ್ತೀನಿ" ಎಂದಳು ಅಕ್ಕ. ಅಲ್ಲಿ ಜಗಳವಾದರೆ ಅವಳನ್ನು ಎಲ್ಲಿ ಕೂರಿಸಲಿ ಎನ್ನಿಸಿ, "ಬ್ಯಾಡ ಅಕ್ಕಾ, ನಾ ನೋಡ್ಕೋತೀನಿ" ಎಂದೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರು ಬಿಡಲಿಲ್ಲ. ಬಂದವರನ್ನು ಒಳಗೆ ಬಿಡುವ ಆ್ಯಪಿನಲ್ಲಿ ಗಿರೀಶ್ ಒಪ್ಪಿಗೆ ಒತ್ತಿರಲಿಲ್ಲ. ನನ್ನ ದನಿ ಏರಿತು. ವಾಕಿಂಗ್ ಮಾಡುತ್ತಿದ್ದವರು ನಿಂತು ನೋಡತೊಡಗಿದರು. ಆಗ ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರೇ ಇಳಿದು ಬಂದರು. ಬಿಳಿ ಮೀಸೆಯ, ಟ್ರ್ಯಾಕ್ ಪ್ಯಾಂಟಿನ ಹಿರಿಯರು. "ಗೇಟಲ್ಲಿ ಸೀನ್ ಬೇಡ ಸರ್, ನಮ್ಮದು ಡೀಸೆಂಟ್ ಕಮ್ಯುನಿಟಿ. ಬನ್ನಿ, ಕೂತು ಮಾತಾಡಿ ಮುಗಿಸೋಣ" ಎಂದು ಕ್ಲಬ್ ಹೌಸಿಗೆ ಕರೆದುಕೊಂಡು ಹೋಗಿ ಗಿರೀಶರನ್ನೂ ಕರೆಸಿದರು. ಕೇರಂ ಬೋರ್ಡಿನ ಆಚೆ ಅವರು, ಈಚೆ ನಾನು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಬೇರೆ ಬ್ಯಾಟರಿ ಹಾಕಿಸಿಕೊಡಿ, ಇಲ್ಲವಾದರೆ ಕುರ್ಚಿ ವಾಪಸ್ ತಗೊಳ್ಳಿ ಎಂದೆ.

ಗಿರೀಶ್ ಸ್ವಲ್ಪವೂ ಕೋಪ ಮಾಡಿಕೊಳ್ಳಲಿಲ್ಲ. ಬೇಸರದಿಂದ ತಲೆ ಆಡಿಸಿ, "ಸರ್, ನಾನ್ ಹೇಳಿದ್ನಲ್ಲ? ಅಪ್ಪನ ಕಾಲದ ಬ್ಯಾಟರಿ, ನೀವೇ ಬದಲಾಯಿಸ್ಕೋಬೇಕು ಅಂತ. ಮರ್ತ್ಬಿಟ್ರಾ?" ಎಂದರು.

"ನೀವು ಹಾಗೆ ಹೇಳಲಿಲ್ಲ."

"ಅಯ್ಯೋ, ನೆನಪು ಮಾಡ್ಕೊಳ್ಳಿ ಸರ್. ಸೋಫಾದಲ್ಲಿ ಕೂತಿದ್ರಿ. ಬಿಸಿಲಲ್ಲಿ ಬಂದಿದ್ರಿ ಅಂತ ನಮ್ಮನೆಯವ್ರು ಮಜ್ಜಿಗೆ ತಂದ್ಕೊಟ್ರು. ಕರಿಬೇವು ಹಾಕಿದ್ದು, ಸ್ಟೀಲ್ ಲೋಟದಲ್ಲಿ. ನೀವು ಅದನ್ನ ಕುಡೀತಾ, 'ಪರವಾಗಿಲ್ಲ ಬಿಡಿ, ನಾನೇ ಹಾಕಿಸ್ಕೋತೀನಿ' ಅಂದ್ರಿ. ಲೋಟ ಕೊಡೋವಾಗ 'ಅಮ್ಮಾ, ತುಂಬಾ ಚೆನ್ನಾಗಿದೆ' ಅಂತಾನೂ ಅಂದ್ರಿ."

ಅವರು ಹೇಳುತ್ತಿದ್ದಂತೆ ನನಗೆ ಕಾಣತೊಡಗಿತು. ಸೋಫಾ, ಬಾಗಿಲಿನಿಂದ ಬಿದ್ದ ಬಿಸಿಲು, ಬೆವರಿದ ಲೋಟ, ಮೇಲೆ ತೇಲುವ ಕರಿಬೇವಿನ ಎಲೆ. ಎಷ್ಟು ಸ್ಪಷ್ಟ ಎಂದರೆ, ಇಷ್ಟೆಲ್ಲ ನಿಜವಾಗಿದ್ದರೆ ಆ ಮಾತೂ ನಿಜವಿರಬೇಕು ಎನ್ನಿಸಿತು. ಸಾಕ್ಷಿಗಳು ಹೀಗೇ ಮೋಸಹೋಗುತ್ತಾರೆ ಎಂದು ಕ್ಲಾಸಿನಲ್ಲಿ ಹೇಳುವವನು ನಾನು. ಆದರೆ ಮೋಸಹೋಗುತ್ತಿರುವುದು ಈಗಲೋ, ಅಥವಾ ಇಷ್ಟು ದಿನ ನಾನೇ ತಪ್ಪಾಗಿ ನೆನಪಿಟ್ಟುಕೊಂಡಿದ್ದೆನೋ ಗೊತ್ತಾಗಲಿಲ್ಲ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನ್ ಸರ್, ಹೇಳಿದ್ರಾ ಇಲ್ವಾ?"

"ಹೇಳಿರಬಹುದು. ಆದರೆ ನನಗೆ ನೆನಪಿರೋದು..."

"ಆಯ್ತಲ್ಲ! ಅವ್ರೇ ಒಪ್ಕೊಂಡ್ರು" ಎಂದು ಅಧ್ಯಕ್ಷರು ಮೇಜು ತಟ್ಟಿ ಎದ್ದರು.

'ಆದರೆ' ಎಂದಮೇಲೆ ನಾನು ಹೇಳಬೇಕೆಂದಿದ್ದನ್ನು ಯಾರೂ ಕೇಳಲಿಲ್ಲ. ಗಿರೀಶ್ ಮನೆಗೆ ಹೋಗಿ ಕುರ್ಚಿಗೆ ಹೊದಿಸುವ ಮಳೆಯ ಕವರ್ ತಂದು, "ಇದನ್ನ ಇಟ್ಕೊಳ್ಳಿ ಸರ್, ಮಾನವೀಯತೆ ಅಂತ ಒಂದಿರತ್ತಲ್ಲ" ಎಂದು ನನ್ನ ಕೈಗಿಟ್ಟರು. ಆಮೇಲೆ ಅಧ್ಯಕ್ಷರು, "ಗೇಟಲ್ಲಿ ಎಲ್ರೂ ನೋಡಿದಾರೆ, ಗ್ರೂಪ್‌ಗೆ ಒಂದು ಹಾಕ್ಬೇಕು" ಎಂದು ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕೈಕುಲುಕಿಸಿದರು. "ಸ್ವಲ್ಪ ನಗ್ರೀ!" ಎಂದರು. ಕ್ಯಾಮೆರಾ ಎದುರಿಗೆ ಬಂದಾಗ ಎಲ್ಲರೂ ಮಾಡುವಂತೆ ಮಾಡಿದೆ. ನಾನು ಬಸ್ ಹತ್ತುವಷ್ಟರಲ್ಲಿ ಆ ಫೋಟೋ ಅಧ್ಯಕ್ಷರಿಂದ ನನ್ನ ಫೋನಿಗೂ ಬಂದಿತ್ತು. ಕೆಳಗೆ 'ವಿವಾದ ಸೌಹಾರ್ದವಾಗಿ ಬಗೆಹರಿದಿದೆ' ಎಂಬ ಸಾಲು.

ಮನೆಯಲ್ಲಿ ಅಕ್ಕ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. "ನಕ್ಕೀಯಲ್ಲೋ!" ಎಂದಳು.

ನಡೆದದ್ದನ್ನು ಹೇಳಿದೆ. ಅವರು ಎಷ್ಟು ವಿವರವಾಗಿ ಹೇಳಿದರು, ನನಗೂ ಹೇಗೆ ಒಂದೊಂದಾಗಿ ನೆನಪಾಯಿತು ಎಂದು ಸಮರ್ಥಿಸಿಕೊಳ್ಳುತ್ತಾ ಮಜ್ಜಿಗೆಯ ತನಕ ಬಂದೆ.

"ಏನಂದಿ? ಮಜ್ಜಗಿ?"

"ಹೌದು. ಕರಿಬೇವು ಹಾಕಿದ್ದು. ಕುಡಕೋತ..."

"ನೀ?" ಅಕ್ಕ ನನ್ನ ಮುಖವನ್ನೇ ನೋಡಿದಳು. "ಮಜ್ಜಗಿ ವಾಸನಿ ಬಂದ್ರ ಪಂಕ್ತಿ ಬಿಟ್ಟು ಎದ್ದು ಹೋಗಾವ ನೀನು. ಸಣ್ಣಾವಿದ್ದಾಗ ಅವ್ವ ಮೂಗು ಹಿಡಿದು ಕುಡಿಸಿದ್ರ ಅವಳ ಮೈಮ್ಯಾಲೆ ವಾಂತಿ ಮಾಡೀದಿ. ನಲವತ್ತರ ಮ್ಯಾಲಾತು, ಇವತ್ತಿನ ತನಕ ಒಂದು ಹನಿ ಬಾಯಾಗ ಹಾಕಿಲ್ಲ. ಆ ಹೊರಮಾವಿನ್ಯಾಗ ಹೋಗಿ ಕುಡಿದು, ಚಲೋ ಐತಿ ಅಂದ್ಯಾ?"

ಅವಳು ಹೇಳಿದ್ದು ನನ್ನ ಬಗ್ಗೆ ನನಗೆ ಅತ್ಯಂತ ಚೆನ್ನಾಗಿ ಗೊತ್ತಿರುವ ಸಂಗತಿ. ಇವತ್ತಿಗೂ ನಮ್ಮ ಮನೆಯಲ್ಲಿ ಅವಳು ಮಜ್ಜಿಗೆ ಕಡೆಯುವುದು ನಾನು ಹೊರಗೆ ಹೋದ ಮೇಲೆ. ಆ ಕ್ಲಬ್ ಹೌಸಿನಲ್ಲಿ ಒಬ್ಬ ಮನುಷ್ಯ ಮೆಲ್ಲಗೆ, ಖಚಿತವಾಗಿ ಮಾತಾಡಿದ್ದಕ್ಕೆ ಅದೂ ಮರೆತುಹೋಗಿತ್ತು.

ಆಗಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ನಕ್ಕುಬಿಟ್ಟರು. "ಏನ್ ಸರ್, ಫೋಟೋನೂ ಹಾಕಾಯ್ತು. ಈಗ ಮಜ್ಜಿಗೆ ವಿಷಯಕ್ಕೆ ಇನ್ನೊಂದು ಮೀಟಿಂಗ್ ಕರೀಲಾ? ಬಿಟ್ಬಿಡಿ, ಓದಿದೋರು ನೀವು." ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಗಿರೀಶ್ ಬೇಕೆಂದೇ ಸುಳ್ಳು ಹೇಳಿದರೇ, ಅಥವಾ ಬೇರೆ ಯಾರೋ ಕೊಳ್ಳಲು ಬಂದು ಮಜ್ಜಿಗೆ ಕುಡಿದು ಹೋದವರ ಜೊತೆ ನನ್ನನ್ನು ಬೆರೆಸಿಕೊಂಡರೇ ಎಂದು ಬಹಳ ದಿನ ಯೋಚಿಸಿದೆ. ಅಕ್ಕನಿಗೆ ಹಾಗೆ ಹೇಳಲು ಹೋದರೆ, "ಅವನ ಪರವಾಗಿ ನೀನs ವಕಾಲತ್ತು ಮಾಡು" ಎಂದು ಮುಖ ತಿರುಗಿಸಿದಳು. ಅವಳು ಹೇಳಿದ್ದು ಸರಿ. ಅವರಿಗೆ ಆ ಅನುಮಾನದ ಲಾಭವನ್ನು ಕೊಟ್ಟವನು ನಾನೊಬ್ಬನೇ. ನನಗೆ ಯಾರೂ ಕೊಡಲಿಲ್ಲ.

ಹೊಸ ಬ್ಯಾಟರಿಯನ್ನು ಅಕ್ಕ ತಾನೇ ಹಾಕಿಸಿಕೊಂಡಳು. ಅಂಗಡಿಗೆ ನನ್ನನ್ನು ಕರೆಯಲಿಲ್ಲ. ಈಗ ಒಬ್ಬಳೇ ಹೋಗಿ ಬರುತ್ತಾಳೆ, ಆದರೆ ಆ ಏರಿನಲ್ಲಿ ಅಲ್ಲ. ಚರ್ಚಿನ ಹಿಂದಿನ ರಸ್ತೆಗಳನ್ನೆಲ್ಲ ಸುತ್ತಿಕೊಂಡು, ಬೇಕರಿ ಕಾಣದ ಹಾಗೆ ಹೋಗುತ್ತಾಳೆ. ಏರು ಹತ್ತುವ ಶಕ್ತಿ ಕುರ್ಚಿಗೆ ಚೆನ್ನಾಗಿಯೇ ಇದೆ.

ನನಗೆ ಖಚಿತವಿಲ್ಲ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ ಎಂದು ಇಷ್ಟು ವರ್ಷ ನಂಬಿದ್ದೆ, ಕಲಿಸಿದ್ದೆ. ಈಗಲೂ ಕಲಿಸುತ್ತೇನೆ. ಆದರೆ ಈ ವರ್ಷ ಸುಳ್ಳು ನೆನಪುಗಳ ಪಾಠ ಬಂದಾಗ ಪುಸ್ತಕದ ಉದಾಹರಣೆಗಳನ್ನಷ್ಟೇ ಓದಿ ಮುಗಿಸಿದೆ. ನನ್ನದೇ ಒಂದು ಉದಾಹರಣೆ ಇತ್ತು. ಅದನ್ನು ಹೇಳುವ ಧೈರ್ಯ ಬರಲಿಲ್ಲ. ಯಾಕೆಂದರೆ, ಆ ಮನೆಯಲ್ಲಿ ನಾನು ಮಜ್ಜಿಗೆ ಕುಡಿದಿಲ್ಲ ಎಂಬುದು ಖಂಡಿತ. ಹಾಗಿದ್ದೂ ಸ್ವಲ್ಪ ಉಪ್ಪು ಹೆಚ್ಚಾಗಿದ್ದ ಅದರ ಹುಳಿ ಇವತ್ತಿಗೂ ನನ್ನ ನಾಲಗೆಯ ಮೇಲಿದೆ.